ಕಿವಿಯವ್ವನಿಗೆ ಬೆನ್ನು

ನಮ್ಮ ಶೆಡ್ಡಿನಲ್ಲಿ ‘ಕೇಳು’ ಎಂದರೆ ‘ನೋಡು’ ಎಂದು ಅರ್ಥ. ನಗಬೇಡಿ. ತೊಂಬತ್ತೆರಡು ಪವರ್‌ಲೂಮ್ ಮಗ್ಗಗಳು ಒಂದೇ ತಗಡಿನ ಸೂರಿನ ಕೆಳಗೆ ಬಡಿಯುತ್ತಿದ್ದರೆ ಪಕ್ಕದವಳು ಗಂಟಲು ಹರಿಯುವಂತೆ ಕಿರುಚಿದರೂ ಕೇಳಿಸುವುದಿಲ್ಲ. ಅದಕ್ಕೇ ಯಾರನ್ನಾದರೂ ಕರೆಯಬೇಕಾದರೆ ನಾವು ನೂಲು ಮುಗಿದ ಖಾಲಿ ಕಂಡಿಕೆಯನ್ನು ಅವರ ಕಾಲಿಗೆ ತಾಗುವಂತೆ ಎಸೆಯುತ್ತೇವೆ. ಅವರು ತಿರುಗುತ್ತಾರೆ. ‘ಇಲ್ಲಿ ಕೇಳು’ ಎಂದು ತುಟಿ ಆಡಿಸುತ್ತೇವೆ, ಅವರು ತುಟಿ ನೋಡುತ್ತಾರೆ, ಮಾತು ಮುಟ್ಟುತ್ತದೆ. ಇದಕ್ಕೆ ನಾವು ತುಟಿಮಾತು ಎನ್ನುತ್ತೇವೆ.

ನನ್ನ ಹೆಸರು ದಾನವ್ವ. ಊರು ಬನಹಟ್ಟಿ. ಮಾತಾಡುವಾಗ ನಾನು ಹೀಗೆ ನಯವಾಗಿ ಮಾತಾಡುವವಳಲ್ಲ. ಪೆನ್ನು ಹಿಡಿದರೆ ಮಾತ್ರ ಏಳನೇ ಇಯತ್ತೆಯ ಮಾಸ್ತರರ ಬೆತ್ತ ನೆನಪಾಗಿ ಪುಸ್ತಕದ ಕನ್ನಡ ಬರುತ್ತದೆ. ಇಪ್ಪತ್ತೆರಡು ವರ್ಷ ಮಗ್ಗ ನಡೆಸಿದ್ದೇನೆ. ಶೆಡ್ಡಿಗೆ ಹೊಸದಾಗಿ ಬಂದವರಿಗೆಲ್ಲ ತುಟಿಮಾತು ಕಲಿಸಿದವಳು ನಾನೇ. ನನ್ನ ಮಗಳು ಬಾಳವ್ವನಿಗೂ ನಾನೇ ಕಲಿಸಿದೆ. ಅದರ ಬಗ್ಗೆ ನನಗೆ ಬಹಳ ಜಂಭವಿತ್ತು.

ತುಟಿಮಾತಿನಲ್ಲಿ ಒಂದೇ ಒಂದು ತೊಡಕು. ಪ, ಬ, ಮ ಈ ಮೂರೂ ತುಟಿಯ ಮೇಲೆ ಒಂದೇ ತರಹ ಕಾಣುತ್ತವೆ. ಮಳೆ ಎಂದರೂ ಅದೇ, ಬಳೆ ಎಂದರೂ ಅದೇ. ನಮ್ಮ ಶೆಡ್ಡಿನಲ್ಲಿ ಮಾಳವ್ವ ಎಂಬ ಹಿರಿಯಳೊಬ್ಬಳಿದ್ದಾಳೆ. ನನ್ನ ಮಗಳನ್ನು ಕರೆದರೆ ಅವಳು ತಿರುಗುತ್ತಾಳೆ, ಅವಳನ್ನು ಕರೆದರೆ ನನ್ನ ಮಗಳು. ದಿನಕ್ಕೆ ಹತ್ತು ಸಲ ಇದೇ ನಗೆಪಾಟಲು.

ಇಷ್ಟು ತಿಳಿದಿದ್ದರೆ ಮುಂದಿನದೆಲ್ಲ ತಿಳಿಯುತ್ತದೆ.

ಕೆಲಸಗಾರರ ಕಿವಿ ಕಾಯಲೆಂದು ಸರಕಾರದ ಕಿವಿ ಕಾಯಿದೆ ಬಂದ ಮೇಲೆ, ಯಂತ್ರದ ಸಪ್ಪಳವಿರುವ ಪ್ರತಿ ಶೆಡ್ಡಿನ ಬಾಗಿಲಲ್ಲೂ ಒಂದು ಕಂಪ್ಯೂಟರ್ ಪರದೆ ಬಂತು. ಪರದೆಯಲ್ಲಿ ಒಬ್ಬ ಹೆಂಗಸಿನ ಮುಖ. ಹಣೆಗೆ ಕುಂಕುಮ, ಮೂಗಿಗೆ ನತ್ತು, ಹಲ್ಲು ಕಾಣುವ ನಗು. ಸರಕಾರಿ ಹೆಸರು ‘ಶ್ರವಣಮಿತ್ರ’. ಆ ಹೆಸರು ಯಾರ ನಾಲಿಗೆಗೂ ಹೊರಳಲಿಲ್ಲ, ನಾವು ಕಿವಿಯವ್ವ ಎಂದೆವು. ಪಾಳಿ ಶುರುವಾಗುವ ಮೊದಲು ಒಬ್ಬೊಬ್ಬರೇ ಹೆಡ್‌ಫೋನ್ ಹಾಕಿಕೊಂಡು ಅವಳೆದುರು ನಿಲ್ಲಬೇಕು. ಅವಳು ಮೆಲ್ಲಗೆ ಒಂದು ಶಬ್ದ ಹೇಳಿ ‘ಕೇಳಿಸಿತಾ?’ ಎನ್ನುತ್ತಾಳೆ. ನಾವು ಅದನ್ನು ತಿರುಗಿ ಹೇಳಬೇಕು. ಹಾಲು, ಗಾಳಿ, ಬಳೆ, ಸೂಜಿ, ದೀಪ, ಹೀಗೆ ಪ್ರತಿ ಸಲ ಬೇರೆ ಬೇರೆ ಐದು. ನಾಲ್ಕು ಸರಿಯಾದರೆ ಹಸಿರು ದೀಪ ಹತ್ತಿ ನಮ್ಮ ಮಗ್ಗಗಳ ಬೀಗ ತೆಗೆಯುತ್ತದೆ. ತಪ್ಪಿದರೆ ಕಿವಿಯವ್ವ ಬೈಯುವುದಿಲ್ಲ. ಸದ್ದು ತಡೆಯಲು ಕೊಟ್ಟ ಕಿವಿ ಮುಚ್ಚಳ ಹೇಗೆ ಹಾಕಬೇಕೆಂದು ಚಿತ್ರ ತೋರಿಸಿ, ಮತ್ತೆರಡು ಸಲ ಕೇಳುತ್ತಾಳೆ. ಮೂರು ಸಲವೂ ತಪ್ಪಿದರೆ ಹಳದಿ ದೀಪ, ಆ ಪಾಳಿಗೆ ನಮ್ಮ ಮಗ್ಗ ಅರ್ಧ ವೇಗ. ತಿಂಗಳಲ್ಲಿ ಹತ್ತು ಹಳದಿಯಾದರೆ ಕೆಂಪು. ಕೆಂಪಾದವರು ಮಗ್ಗ ಬಿಟ್ಟು ಸೀರೆ ಮಡಿಸುವ ಕೋಣೆಗೆ ಹೋಗಬೇಕು. ಆ ಕೋಣೆಯಲ್ಲಿ ಇರುವುದೇ ಮೂರು ಜನರ ಕೆಲಸ, ಉಳಿದವರು ಮನೆಗೆ.

ಹನ್ನೊಂದು ತಿಂಗಳು ದಾಟಿದರೂ ನಮ್ಮ ಶೆಡ್ಡಿನ ನಲವತ್ತಾರು ಜನರೂ ಹಸಿರು. ಒಬ್ಬರಿಗೂ ಒಂದು ದಿನವೂ ಹಳದಿಯಿಲ್ಲ. ಸಾವುಕಾರ ಮಲಕಾಜಪ್ಪನವರು ಹಿಗ್ಗಿ ಹೀರೇಕಾಯಿಯಾದರು. ವರ್ಷ ತುಂಬ ಹಸಿರಾಗಿದ್ದ ಶೆಡ್ಡಿಗೆ ವೇಗದ ಪರವಾನಗಿ ಸಿಗುತ್ತದೆ: ಮಗ್ಗವನ್ನು ಒಂದೂವರೆ ಪಟ್ಟು ಓಡಿಸಬಹುದು, ಮಧ್ಯಾಹ್ನದ ಅರ್ಧ ತಾಸಿನ ಕಿವಿ ವಿರಾಮವನ್ನೂ ತೆಗೆದುಹಾಕಬಹುದು. ಅಷ್ಟು ಗಟ್ಟಿ ಕಿವಿಗಳಿಗೆ ವಿರಾಮ ಯಾಕೆ ಬೇಕು, ಅಲ್ಲವೇ?

ಒಂದು ದಿನ ಸಂಜೆ ನಾವು ಮೂವರೂ ರೊಟ್ಟಿ ತಿನ್ನುತ್ತಿದ್ದೆವು. ಬಾಳವ್ವ ಊಟ ಬಿಟ್ಟು ಕಿವಿಗೆ ಕಡ್ಡಿ ಹಾಕಿ ತಿರುವತೊಡಗಿದಳು.

“ಏನಾತ?” ಎಂದೆ.

“ಕಿವ್ಯಾಗ ಜೀರುಂಡಿ ಹೊಕ್ಕಂಗ ಆಗೇತಿ ಬೇ ಯವ್ವಾ. ಒಂದ ಸಮನ ಗುಂಯ್ ಅಂತೈತಿ. ಮಲಗಿದ್ರ ಇನ್ನಾ ಜಾಸ್ತಿ.”

ಎಣ್ಣೆ ಬೆಚ್ಚಗೆ ಮಾಡಿ ಎರಡು ಹನಿ ಬಿಡೋಣವೆಂದು ನಾನು ಎದ್ದೆ. ನನ್ನ ಗಂಡ ಗುರುಬಸು ಮಗಳ ತುಟಿಯನ್ನೇ ನೋಡುತ್ತಿದ್ದ. ಮೂವತ್ತು ವರ್ಷ ಮಗ್ಗ ನಡೆಸಿ ಅವನಿಗೆ ಈಗ ಗುಡುಗು ಕೂಡ ಕೇಳಿಸುವುದಿಲ್ಲ. ಟೀವಿಯ ಸದ್ದು ತೆಗೆದು ಮುಖಗಳನ್ನು ಮಾತ್ರ ನೋಡುತ್ತಾನೆ. ಅವನು ಕೈಯಲ್ಲಿದ್ದ ರೊಟ್ಟಿಯ ಚೂರನ್ನು ತಾಟಿನಲ್ಲಿ ಇಟ್ಟ.

“ನಂಗೂ ಹಿಂಗ ಶುರು ಆಗಿತ್ತ,” ಎಂದ. ಅವನ ದನಿ ಈಚೆಗೆ ಹದವಿಲ್ಲದೆ ದೊಡ್ಡದಾಗಿ ಬರುತ್ತದೆ, ಓಣಿಗೆಲ್ಲ ಕೇಳುತ್ತದೆ. “ಜೀರುಂಡಿ ಅಂತ ನಾನೂ ಎಣ್ಣಿ ಬಿಟ್ಟೆ. ಜೀರುಂಡಿ ಹೊರಗ ಬರಲಿಲ್ಲ.”

“ಸುಮ್ಮನ ಉಣ್ರಿ. ಆಕಿದು ನಿನ್ನೀನೂ ಹಸರ ಬಂದೈತಿ,” ಎಂದು ನಾನು ರೇಗಿದೆ. ಎಣ್ಣೆಯ ಬಟ್ಟಲನ್ನು ಮಾತ್ರ ಮರಳಿ ಇಟ್ಟುಬಿಟ್ಟೆ. ಹತ್ತೊಂಬತ್ತು ವರ್ಷದ ಹುಡುಗಿ, ಶೆಡ್ಡಿಗೆ ಬಂದು ಒಂದು ವರ್ಷ ಕೂಡ ತುಂಬಿರಲಿಲ್ಲ.

ಆ ವಾರವೇ, ಎಲ್ಲ ಶೆಡ್ಡುಗಳ ಕಿವಿಯವ್ವಂದಿರನ್ನು ನೋಡಿಕೊಳ್ಳುವ ಹುಬ್ಬಳ್ಳಿಯ ಕಂಟ್ರೋಲ್ ರೂಮಿನಿಂದ ಒಬ್ಬ ಎಂಜಿನಿಯರ್ ಹುಡುಗಿ ಬಂದಳು. ಹಾಸನದ ಕಡೆಯವಳು, ಹೆಸರು ಇಂಚರ. ಕಿವಿಯವ್ವನನ್ನು ತಯಾರು ಮಾಡಿದವರಲ್ಲಿ ಅವಳೂ ಒಬ್ಬಳು. ಬಂದವಳೇ ಪರದೆಯ ಹಿಂದಕ್ಕೆ ಕೈ ಹಾಕಿ ಹೆಡ್‌ಫೋನಿನ ತಂತಿಯನ್ನು ಹೊರಗೆಳೆದಳು. ಇಲಿ ಕಡಿದು ತಂತಿ ಎರಡು ತುಂಡಾಗಿತ್ತು.

“ನಮ್ಮ ರೆಕಾರ್ಡ್ ಪ್ರಕಾರ ನಲವತ್ತೊಂದು ದಿನದಿಂದ ಈ ಹೆಡ್‌ಫೋನಲ್ಲಿ ಸೌಂಡೇ ಇಲ್ಲ,” ಎಂದು ನಮ್ಮೆಲ್ಲರ ಮುಖ ನೋಡಿದಳು. “ಆದ್ರೂ ನಲವತ್ತೊಂದು ದಿನಾನೂ ಎಲ್ರೂ ಪಾಸ್. ಹೇಗೆ? ಯಾರ್ರೀ ಒಳಗೊಳಗೇ ಹಸಿರು ಒತ್ತುತಾ ಇರೋದು?”

ನನಗೆ ಪಿತ್ತ ನೆತ್ತಿಗೇರಿತು. “ಏ ಮೇಡಮ್ಮಾರ, ನಾಲಿಗಿ ಬಿಗಿ ಹಿಡದು ಮಾತಾಡ್ರಿ. ನಾವು ಕಳ್ಳರಲ್ಲ. ಆಕಿ ಹೇಳತಾಳ, ನಮಗ ಕೇಳಸತೈತಿ, ನಾವು ಹೇಳತೀವಿ.”

“ತಂತಿನೇ ಇಲ್ದೆ ಹೇಗಮ್ಮಾ ಕೇಳ್ಸುತ್ತೆ?”

“ಹೆಂಗಂದ್ರ? ಮಾರಿ ಕಾಣಸತೈತಲ್ಲ!”

ಹೇಳಿದ ಮೇಲೆ ನನ್ನ ಮಾತು ನನಗೇ ಕೇಳಿಸಿತು. ಹುಡುಗಿ ಬಾಯಿ ತೆರೆದು ನಿಂತಿದ್ದಳು. ಮುಖ ಕಾಣಿಸುತ್ತದೆ. ತುಟಿ ಕಾಣಿಸುತ್ತದೆ. ಅವಳು ‘ಕೇಳಿಸಿತಾ’ ಎಂದಾಗ ನಾವು ‘ಹೂಂ’ ಎಂದದ್ದು ಸುಳ್ಳಲ್ಲ. ನಮಗೆ ಕೇಳುವುದೆಂದರೆ ಅದೇ. ಗುಡ್ಡ ಅಗೆದು ಇಲಿ ಹಿಡಿದರು ಎನ್ನುತ್ತಾರಲ್ಲ, ಇಲ್ಲಿ ಇಲಿಯೇ ಗುಡ್ಡ ಅಗೆದು ತೋರಿಸಿತ್ತು.

ಇಂಚರ ಹೊಸ ತಂತಿ ಜೋಡಿಸಿದಳು. ತನ್ನ ಚೀಲದಿಂದ ಟವೆಲ್ ತೆಗೆದು ಕಿವಿಯವ್ವನ ಮುಖದ ಮೇಲೆ ಹೊದಿಸಿದಳು. ನಾನು ಹೆಡ್‌ಫೋನ್ ಹಾಕಿ ನಿಂತೆ. ದೂರದಲ್ಲಿ ಯಾರೋ ಹಿಟ್ಟು ಜರಡಿ ಹಿಡಿದ ಹಾಗೆ ಏನೋ ಬಂತು, ಹೋಯಿತು. ಐದರಲ್ಲಿ ಒಂದೂ ಸಿಗಲಿಲ್ಲ. “ಮತ್ತೊಮ್ಮೆ ಹಚ್ಚ್ರಿ,” ಎಂದೆ. ಮತ್ತೊಮ್ಮೆಯೂ ಇಲ್ಲ. ಬಾಳವ್ವನಿಗೆ ಐದರಲ್ಲಿ ಮೂರು ಸಿಕ್ಕವು.

ನಾನು ಮಗಳ ರಟ್ಟೆ ಹಿಡಿದು ಪಕ್ಕಕ್ಕೆ ಎಳೆದೆ. “ನಿನಗ ಇನ್ನಾ ಕೇಳಸತೈತಿ. ಹಂಗಾದ್ರ ತಂತಿ ಕಡದಾಗ ಸಪ್ಪಳಿಲ್ಲ ಅಂತ ನಿನಗ ಗೊತ್ತಾಗಲಿಲ್ಲೇನ?”

ಅವಳ ಕಣ್ಣು ತುಂಬಿ ಬಂದವು. “ಗೊತ್ತಾಗಿತ್ತ ಬೇ. ಮೊದಲನೇ ದಿನಾನ ಗೊತ್ತಾತು. ಆದ್ರ ಎಲ್ಲಾರೂ ಪಟಪಟ ಹೇಳಾಕತ್ತಿದ್ರಿ. ನನ್ನವಷ್ಟ ಕಿವಿ ಸತ್ತಾವ ಅಂತ ಅಂಜಿ, ನಾನೂ ತುಟಿ ನೋಡಿ ಹೇಳಿದೆ.”

ನಲವತ್ತೊಂದು ದಿನ ಆ ಕೂಸು ತಾನೊಬ್ಬಳೇ ಕಿವುಡಿ ಎಂದುಕೊಂಡು ಬಾಯಿ ಮುಚ್ಚಿಕೊಂಡಿತ್ತು. ತುಟಿ ನೋಡುವುದನ್ನು ಅದಕ್ಕೆ ಕಲಿಸಿದ ಮಹಾತಾಯಿ ನಾನು! ನನ್ನ ಕಪಾಳಕ್ಕೆ ನಾನೇ ಹೊಡೆದುಕೊಳ್ಳಬೇಕೆನಿಸಿತು.

ಎರಡು ದಿನದ ಮೇಲೆ ಇಂಚರ ನನ್ನನ್ನು ಹುಬ್ಬಳ್ಳಿಗೆ ಕರೆಸಿದಳು. ತುಟಿಮಾತು ಹೇಗೆಂದು ಕ್ಯಾಮೆರಾದ ಮುಂದೆ ತೋರಿಸಬೇಕಿತ್ತು. ಅದಕ್ಕೂ ಮೊದಲು ನನ್ನ ಕಿವಿಯನ್ನು ಸರಿಯಾಗಿ ಪರೀಕ್ಷಿಸುತ್ತೇನೆಂದು ಒಂದು ಸಣ್ಣ ಕೋಣೆಗೆ ಕಳಿಸಿದಳು. ಗೋಡೆ, ಬಾಗಿಲು, ಚಾವಣಿಗೆಲ್ಲ ಗಾದಿಯಂಥ ಹೊದಿಕೆ. ಬಾಗಿಲು ಮುಚ್ಚಿದರು.

ಒಳಗೆ ಮಗ್ಗ ಓಡುತ್ತಿತ್ತು.

ನಾನು ಗಾಜಿನ ಕಿಟಕಿ ಬಡಿದೆ. ಇಂಚರ ಬಾಗಿಲು ತೆರೆದಳು. “ಮಗ್ಗ ಯಾಕ ಹಚ್ಚೀರಿ? ಮೊದಲ ಬಂದ್ ಮಾಡ್ರಿ,” ಎಂದೆ.

“ಇಲ್ಲಿ ಮಗ್ಗ ಇಲ್ಲ ಅಮ್ಮಾ.”

“ಕೇಳಸಾಕತ್ತೈತಿ ನನಗ! ಬಾಜೂ ಖೋಲ್ಯಾಗ ಇರಬೇಕು.”

ಅವಳು ಮೆಲ್ಲಗೆ ನನ್ನ ಕೈ ಹಿಡಿದು, ನನ್ನ ಮುಖಕ್ಕೆ ನೇರವಾಗಿ ನಿಂತು ಬಿಡಿಬಿಡಿಸಿ ಹೇಳಿದಳು. ಎರಡೇ ದಿನದಲ್ಲಿ ಅದನ್ನು ಕಲಿತಿದ್ದಳು. “ಅದು ನಿಮ್ಮ ಕಿವಿ ಒಳಗಡೆ ಓಡ್ತಾ ಇದೆ. ಹೊರಗಡೆ ಸದ್ದು ನಿಂತಿದ್ದರಿಂದ ಈಗ ನಿಮಗೆ ಗೊತ್ತಾಗ್ತಿದೆ, ಅಷ್ಟೇ.”

ನಾನು ಅಲ್ಲಿದ್ದ ಕುರ್ಚಿಯ ಮೇಲೆ ಕುಕ್ಕರಿಸಿದೆ. ಅವಳು ಚಹಾ ತರಿಸಿದಳು. ಕಿವಿಯೊಳಗೆ ಕೂದಲಿಗಿಂತ ಸಣ್ಣ ಎಳೆಗಳಿರುತ್ತವೆಯಂತೆ. ಸದ್ದು ಬಂದಾಗ ಅವು ಬಾಗಿ, ಮತ್ತೆ ಎದ್ದು ನಿಲ್ಲುತ್ತವೆಯಂತೆ. ಹೊಡೆತ ಹೆಚ್ಚಾದರೆ ಮುರಿಯುತ್ತವೆ.

“ಎಳಿ ಕಡದ್ರ ನಾವು ಗಂಟ ಹಾಕತೀವಿ,” ಎಂದೆ.

“ಇದಕ್ಕೆ ಗಂಟು ಹಾಕೋಕೆ ಬರಲ್ಲ. ಮತ್ತೆ ಹುಟ್ಟೋದೂ ಇಲ್ಲ.” ಚಹಾದ ಲೋಟ ನನ್ನ ಕೈಗಿಟ್ಟು, “ನಿಮ್ಮ ಮಗಳದ್ದು ಇನ್ನೂ ಎಲ್ಲಾ ಮುರಿದಿಲ್ಲ ಅಮ್ಮಾ. ಈಗ ಸದ್ದು ಇಳಿದ್ರೆ ಉಳ್ಕೊಳ್ಳುತ್ತೆ. ಆ ಒಂದೂವರೆ ವೇಗದಲ್ಲಿ ಆರು ತಿಂಗಳು ನಿಂತ್ರೆ ನನಗೆ ಗ್ಯಾರಂಟಿ ಇಲ್ಲ,” ಎಂದಳು.

ದೊಡ್ಡ ಕೋಣೆಯ ಗೋಡೆಯ ಮೇಲೆ ನಕ್ಷೆಯಿತ್ತು. ಮುನ್ನೂರ ಹನ್ನೆರಡು ಶೆಡ್ಡುಗಳು, ಮುನ್ನೂರ ಹನ್ನೆರಡು ಚುಕ್ಕೆಗಳು. ಎಲ್ಲವೂ ಹಸಿರು. ತೆನೆ ಬಿಡುವ ಮುಂಚಿನ ಜೋಳದ ಹೊಲವೂ ಅಷ್ಟು ಹಸಿರಾಗಿರುವುದಿಲ್ಲ. ಅದನ್ನು ನೋಡಿ ನನಗೆ ನಗು ಬಂತು, ಆಮೇಲೆ ಸಿಟ್ಟು ಬಂತು.

“ಆ ಮಾರಿ ಯಾಕ ಇಟ್ಟೀರಿ ಅದಕ?”

“ಬರೀ ಧ್ವನಿ ಇದ್ರೆ ಜನ ಹೆದರ್ತಾರೆ, ಮುಖ ಇದ್ರೆ ಹತ್ತಿರ ಆಗ್ತಾರೆ ಅಂತ,” ಎಂದು ಇಂಚರ ತಲೆ ತಗ್ಗಿಸಿದಳು. “ನಾನೇ ಹೇಳಿ ಇಡಿಸಿದ್ದು. ತೆಗೀಬೇಕು ಅಂತ ವರದಿ ಬರ್ದಿದೀನಿ. ಸಮಿತಿ ಕೂತು ಒಪ್ಪೋಕೆ ಆರು ತಿಂಗಳಾಗುತ್ತೆ.”

“ಸೋಮವಾರಕ್ಕ ವರ್ಷ ತುಂಬತೈತಿ, ನಮ್ಮ ಶೆಡ್ಡಿಗೆ ಪರವಾನಗಿ ಕೊಡಾಕ ಬರತಾರ.”

“ಗೊತ್ತು.”

“ನಾ ಒಬ್ಬಾಕಿ ಫೇಲ್ ಆದ್ರ?”

“ನೀವು ಹಳದಿ ಆಗ್ತೀರಿ. ಹತ್ತು ದಿನ ಆದ್ಮೇಲೆ ಕೆಂಪು. ನಿಮ್ಮ ಮಗ್ಗ ಹೋಗುತ್ತೆ. ಹೆಚ್ಚಿನವರು ಹಸಿರಿದ್ರೆ ಶೆಡ್ಡೂ ಹಸಿರೇ, ಪರವಾನಗಿ ಸಿಕ್ಕೇ ಸಿಗುತ್ತೆ.” ಅವಳು ಕಾಯಿದೆಯ ಪುಸ್ತಕ ತೆಗೆದು ಒಂದು ಪುಟವನ್ನು ನನ್ನೆದುರು ಇಟ್ಟಳು. “ಆದ್ರೆ ಇಲ್ಲಿ ಒಂದು ಕಲಮು ಇದೆ. ಇದನ್ನ ಇವತ್ತಿನವರೆಗೂ ಯಾರೂ ಬಳಸಿಲ್ಲ. ಓದಿ.”

ಓದಿದೆ. ಒಂದೇ ಪಾಳಿಯಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಹಳದಿಯಾದರೆ ದೋಷ ಕಿವಿಗಳದಲ್ಲ, ಶೆಡ್ಡಿನದು. ಆಗ ಯಾರನ್ನೂ ಮಗ್ಗ ಬಿಡಿಸುವಂತಿಲ್ಲ, ಕೂಲಿ ಕಡಿಯುವಂತಿಲ್ಲ. ಮಗ್ಗಗಳ ಬುಡಕ್ಕೆ ರಬ್ಬರು, ಗೋಡೆಗಳಿಗೆ ಹೊದಿಕೆ ಹಾಕಿಸಿ ಸದ್ದು ಇಳಿಸುವ ತನಕ ಶೆಡ್ಡು ಪೂರ್ತಿ ಅರ್ಧ ವೇಗದಲ್ಲೇ ಓಡಬೇಕು.

ನಾನು ಎರಡು ಸಲ ಓದಿದೆ. ನಲವತ್ತಾರರಲ್ಲಿ ಇಪ್ಪತ್ತನಾಲ್ಕು.

“ಪರೀಕ್ಷೆದಾಗ ಆಕಿ ಮಾರಿ ನೋಡ್ಕೋತ ನಿಲ್ಲಬೇಕು ಅಂತ ಎಲ್ಲ್ಯಾರ ಬರದಾರೇನು?”

ಇಂಚರ ಪುಟಗಳನ್ನು ತಿರುವಿದಳು, ತಿರುವಿದಳು. ಆಮೇಲೆ ಅವಳ ಮುಖದ ಮೇಲೆ ಮೊದಲ ಸಲ ನಗು ಕಂಡಿತು. “ಇಲ್ಲ,” ಎಂದಳು.

“ಹಂಗಾದ್ರ ಮಾರಿ ನೀವು ತೆಗೀಬ್ಯಾಡ್ರಿ. ನಾವ ಬೆನ್ನ ತಿರಗಸ್ತೀವಿ.”

ಶನಿವಾರ, ಐತವಾರ ನಾನು ಓಣಿ ಓಣಿ ತಿರುಗಿದೆ. ಯಾರ ಮನೆಗೆ ಹೋದರೂ ಒಂದೇ ಮಾತು ಹೇಳಿದೆ: ಸುಳ್ಳು ಹೇಳಬೇಡಿರಿ, ಬೆನ್ನು ತಿರುಗಿಸಿ ನಿಲ್ಲಿರಿ, ಅಷ್ಟೇ. ಕೇಳಿಸಿದರೆ ಹೇಳಿರಿ, ಕೇಳಿಸದಿದ್ದರೆ ಇಲ್ಲ ಎನ್ನಿರಿ. ಕೆಲವರು ಒಪ್ಪಿದರು. ಕೆಲವರು ಬಾಗಿಲು ಹಾಕಿಕೊಂಡರು. ಒಬ್ಬಾಕೆ, “ನಿನಗ ಲೀಡರ್ ಆಗೋ ಹುಚ್ಚ ಹಿಡದೈತಿ,” ಎಂದಳು. ಇರಬಹುದು.

ಎಲ್ಲರಿಗಿಂತ ಗಟ್ಟಿ ಕುಳ ಮಾಳವ್ವ. ನಾನು ಹೋದಾಗ ಅವಳು ಕಟ್ಟೆಯ ಮೇಲೆ ಕೂತು ಅಕ್ಕಿ ಆರಿಸುತ್ತಿದ್ದಳು.

“ಇಪ್ಪತ್ತಮೂರು ಮಂದಿ ಸೇರಿದ್ರ ಏನಾಗತೈತಿ?” ಎಂದಳು.

“ಅರ್ಧ ಆಗತೈತಿ. ಅರ್ಧ ಆದ್ರ ಸಾಲಂಗಿಲ್ಲ.”

“ಅಂದ್ರ ಒಂದು ಕಡಿಮಿ ಬಿದ್ರ, ಬೆನ್ನ ತಿರಗಿಸಿದವರನ್ನ ಸಾವ್ಕಾರ ದಿನಾ ಹಂಗ ನಿಲ್ಲಸತಾನ, ಹತ್ತ ದಿನಕ್ಕ ಇಪ್ಪತ್ತಮೂರೂ ಮಂದಿ ಮಗ್ಗ ಹೋತು. ನಿನ್ನ ಮಗಳ ಕಿವಿ ಸಲುವಾಗಿ ನನ್ನ ಮಗ್ಗ ಯಾಕ ಕಳಕೊಳ್ಳಲಿ, ದಾನಿ? ನನ್ನ ಕಿವಿಗೆ ಏನಾಗೇತಿ? ಸಣ್ಣ ಸಪ್ಪಳಾದ್ರೂ ಕೇಳಸತೈತಿ.”

ಅವಳ ಮನೆ ನಡೆಯುವುದು ಅವಳೊಬ್ಬಳ ಎರಡು ಮಗ್ಗಗಳ ಮೇಲೆ. ಅದು ನನಗೂ ಗೊತ್ತು. ಎದ್ದು ಹೊರಟೆ. ಅಂಗಳ ದಾಟುವಾಗ ಬೆನ್ನು ತಿರುಗಿಸಿಯೇ ನಿಂತು, ಗಟ್ಟಿಯಾಗಿ ಹೇಳಿದೆ: “ಮಾಳವ್ವಾ, ಒಲಿ ಮ್ಯಾಲ ಹಾಲು ಉಕ್ಕಾಕತ್ತಾವ ನೋಡು!” ಪಕ್ಕದ ಮನೆಯವಳು ತಲೆ ಹೊರಹಾಕಿ ನೋಡಿದಳು. ಹೊರಳಿ ನೋಡಿದರೆ ಮಾಳವ್ವ ಅಕ್ಕಿ ಆರಿಸುತ್ತಲೇ ಇದ್ದಳು.

ಸೋಮವಾರ ಶೆಡ್ಡಿನ ಬಾಗಿಲಿಗೆ ಮಾವಿನ ತೋರಣ ಕಟ್ಟಿದ್ದರು. ಸಾವುಕಾರರು ಇಸ್ತ್ರಿ ಮುರಿಯದ ಅಂಗಿ ತೊಟ್ಟಿದ್ದರು. ಇಲಾಖೆಯ ಅಧಿಕಾರಿಯೊಬ್ಬರು ಪರವಾನಗಿಯ ಕಾಗದ ಹಿಡಿದು ಕುರ್ಚಿಯ ಮೇಲೆ ಕೂತಿದ್ದರು. ಕಿವಿಯವ್ವನ ಪರದೆಗೆ ಸೇವಂತಿಗೆ ಮಾಲೆ. ನಮಗೂ ಒಂದೊಂದು ಹೂವು ಕೊಟ್ಟರು, ಮುಡಿದುಕೊಳ್ಳಲು. ಕಿವಿಗೆ ಹೂ ಇಡುವುದೆಂದರೆ ಇದೇ ಎಂದುಕೊಂಡು ನಾನು ಅದನ್ನು ಕಿವಿಯ ಮೇಲೇ ಸಿಕ್ಕಿಸಿಕೊಂಡೆ.

ಮೊದಲ ಸರದಿ ನನ್ನದು. ಹೆಡ್‌ಫೋನ್ ಹಾಕಿದೆ. ಕಿವಿಯವ್ವ ನಕ್ಕಳು. ನಾನು ಅವಳಿಗೆ ಬೆನ್ನು ತೋರಿಸಿ ನಿಂತೆ.

ಹಿಟ್ಟು ಜರಡಿ ಹಿಡಿದ ಸದ್ದು. “ಇಲ್ಲ,” ಎಂದೆ. ಮತ್ತೆ ಇಲ್ಲ. ಹದಿನೈದು ಸಲ ಇಲ್ಲ. ಹಳದಿ ದೀಪ ಹತ್ತಿತು. ಸಾವುಕಾರರು ಕೂತಲ್ಲಿಂದ ಅರ್ಧ ಎದ್ದರು.

“ಏನಿದು ದಾನವ್ವ? ಹೊಳ್ಳಿ ನಿಲ್ಲು!”

“ಇದು ಕಿವಿ ಪರೀಕ್ಷಾ ಐತ್ರೀ ಸಾವ್ಕಾರ್ರ, ಕಣ್ಣಿಂದಲ್ಲ,” ಎಂದೆ. ಅಧಿಕಾರಿ ತಮ್ಮ ಪುಸ್ತಕ ತೆರೆದು ನೋಡಿ, ಮುಂದಿನವಳನ್ನು ಕರೆದರು.

ಎರಡನೆಯವಳು ಬಾಳವ್ವ. ಬೆನ್ನು ತಿರುಗಿಸಿ, ಕಣ್ಣು ಮುಚ್ಚಿ ನಿಂತಳು. ಕೇಳಿಸಿದ್ದನ್ನು ಹೇಳಿದಳು, ಕೇಳಿಸದ್ದಕ್ಕೆ ಇಲ್ಲ ಎಂದಳು. ಮೂರು ಸಲವೂ ಐದರಲ್ಲಿ ಮೂರೇ. ಹಳದಿ. ಆಮೇಲೆ ಒಬ್ಬರ ಹಿಂದೆ ಒಬ್ಬರು. ಕೆಲವರು ತಿರುಗಿ ನಿಂತರು, ಕೆಲವರು ನೆಲ ನೋಡುತ್ತ ಬಂದು ಕಿವಿಯವ್ವನಿಗೇ ಮುಖ ಕೊಟ್ಟು ಹಸಿರಾದರು. ಹೊಸ ಹುಡುಗಿಯರಿಬ್ಬರು ಬೆನ್ನು ತಿರುಗಿಸಿಯೂ ಐದಕ್ಕೆ ಐದು ಹೇಳಿ ಹಸಿರಾಗಿ, ಅಪರಾಧ ಮಾಡಿದವರ ಹಾಗೆ ನನ್ನನ್ನು ನೋಡಿದರು. ನಾನು ಇಬ್ಬರ ಗಲ್ಲ ಸವರಿದೆ. ಅಂಥ ಕಿವಿ ಉಳಿಯಲೆಂದೇ ಇದೆಲ್ಲ.

ಪರೀಕ್ಷೆ ಮುಗಿಸಿದವರು ಒಳಗೆ ಹೋಗಿ ಮಗ್ಗ ಹಚ್ಚುತ್ತಿದ್ದರು. ಸದ್ದು ಏರುತ್ತಾ ಹೋಯಿತು. ಪರದೆಯ ಮೂಲೆಯಲ್ಲಿ ಲೆಕ್ಕ ಕಾಣುತ್ತಿತ್ತು. ನಲವತ್ತೈದು ಜನ ಮುಗಿದಾಗ ಹಳದಿ ಇಪ್ಪತ್ತಮೂರು, ಹಸಿರು ಇಪ್ಪತ್ತೆರಡು. ಉಳಿದವಳು ಒಬ್ಬಳೇ, ಮಾಳವ್ವ. ಬೇಕೆಂದೇ ಕೊನೆಗೆ ನಿಂತಿದ್ದಳು. ಹೆಡ್‌ಫೋನ್ ಹಾಕಿಕೊಂಡು ಕಿವಿಯವ್ವನ ಎದುರಿಗೆ, ತುಟಿಗೆ ತುಟಿ ನೇರವಾಗಿ ನಿಂತಳು.

ನಾನು ಒಳಗೆ ನನ್ನ ಮಗ್ಗದ ಬಳಿಯಿಂದ ಅವಳನ್ನೇ ನೋಡುತ್ತಿದ್ದೆ. ನನ್ನ ಬಾಯಿಮಾತಿನ ಮೇಲೆ ಇಪ್ಪತ್ತಮೂರು ಜನರ ಮಗ್ಗ ಹೋಗುವುದರಲ್ಲಿದ್ದವು, ನನ್ನ ಮಗಳದೂ ಸೇರಿ. ಆಗ ನೋಡಿದರೆ ಬಾಳವ್ವ ಬಾಗಿಲ ಬಳಿ, ಮಾಳವ್ವನ ಹಿಂದೆಯೇ ನಿಂತಿದ್ದಾಳೆ, ಕಿವಿ ಮುಚ್ಚಳ ಕೈಯಲ್ಲೇ ಇದೆ! ಅಷ್ಟು ಸದ್ದಿನಲ್ಲಿ ಬರಿಯ ಕಿವಿ! ನಾನು ಮಗ್ಗದ ಮೇಲಿದ್ದ ಖಾಲಿ ಕಂಡಿಕೆ ತೆಗೆದು ಅವಳ ಕಾಲಿಗೆ ಬೀಸಿದೆ.

ಕಂಡಿಕೆ ಹೋಗಿ ಮಾಳವ್ವನ ಹಿಮ್ಮಡಿಗೆ ಬಡಿಯಿತು.

ಗುರಿ ತಪ್ಪಿತೋ, ನೀನೇ ತಪ್ಪಿಸಿದೆಯೋ ಎಂದು ಇವತ್ತಿಗೂ ಎಲ್ಲರೂ ಕೇಳುತ್ತಾರೆ. ನಾನು ಹೇಳುವುದಿಲ್ಲ. ನಾನು ತುಟಿ ಆಡಿಸಿ ಕರೆದದ್ದು ಮಾತ್ರ ಸತ್ಯವಾಗಿಯೂ ‘ಬಾಳವ್ವಾ’ ಎಂದೇ.

ಮಾಳವ್ವ ಪಕ್ಕನೆ ತಿರುಗಿದಳು. ನನ್ನ ತುಟಿ ನೋಡಿದಳು. ತನ್ನನ್ನೇ ಕರೆದದ್ದೆಂದು ಗದ್ದ ಎತ್ತಿ ‘ಏನು?’ ಎಂದಳು. ನಾನು ಬಾಯಿ ಮುಚ್ಚಿದೆ. ಅವಳು ಕಾದಳು. ಅವಳ ಬೆನ್ನ ಹಿಂದೆ ಪರದೆಯ ಮೇಲೆ ಕಿವಿಯವ್ವನ ತುಟಿ ಆಡುತ್ತಿತ್ತು. ಸೂಜಿ, ಕೇಳಿಸಿತಾ, ಹಾಲು, ಕೇಳಿಸಿತಾ, ಬಳೆ. ದೂರದಿಂದ ನಾನು ಒಂದೊಂದನ್ನೂ ಓದುತ್ತಿದ್ದೆ. ಮಾಳವ್ವನ ಎರಡೂ ಕಿವಿಗೆ ಹೆಡ್‌ಫೋನ್ ಅಂಟಿಕೊಂಡೇ ಇತ್ತು, ಅವಳ ರೆಪ್ಪೆ ಕೂಡ ಅಲುಗಲಿಲ್ಲ.

ಅವಳು ಮತ್ತೆ ಪರದೆಯ ಕಡೆ ತಿರುಗಿದಾಗ ಅಲ್ಲಿ ಬರೆದಿತ್ತು: ‘ಐದು ತಪ್ಪು. ಇನ್ನು ಎರಡು ಅವಕಾಶ.’

ಅವಳು ಅದನ್ನು ಓದಿದಳು. ನನ್ನನ್ನು ನೋಡಿದಳು. “ಇಕಿ ಯಾವಾಗ ಕೇಳಿದ್ಲ?” ಎಂದು ಅವಳ ತುಟಿ ಆಡಿತು.

“ಈಗ. ಐದೂ ಕೇಳಿದ್ಲು.”

ಇನ್ನೆರಡು ಅವಕಾಶವಿತ್ತು. ಮುಖ ಕೊಟ್ಟು ನಿಂತರೆ ಐದೂ ಹೇಳಿ ಹಸಿರಾಗಬಹುದಿತ್ತು, ಅವಳ ಮಗ್ಗಕ್ಕೆ ಏನೂ ಆಗುತ್ತಿರಲಿಲ್ಲ. ಸಾವುಕಾರರು ಪರದೆಯತ್ತ ಕೈ ತೋರಿಸಿ, “ಇತ್ತಾಗ ಹೊಳ್ಳು, ಇತ್ತಾಗ,” ಎಂದು ಕುಣಿಯುತ್ತಿದ್ದರು. ಮಾಳವ್ವ ತನ್ನ ಕಿವಿಯನ್ನು ಹೆಡ್‌ಫೋನಿನ ಮೇಲಿನಿಂದಲೇ ಒಮ್ಮೆ ಒತ್ತಿ ನೋಡಿಕೊಂಡಳು. ಅವಳ ಮುಖ ಕಪ್ಪಿಟ್ಟಿತ್ತು. ಸೆರಗನ್ನು ಸೊಂಟಕ್ಕೆ ಬಿಗಿದಳು. ಆಮೇಲೆ ತಾನಾಗಿಯೇ ಕಿವಿಯವ್ವನಿಗೆ ಬೆನ್ನು ಕೊಟ್ಟು ನಿಂತಳು.

“ಕೇಳ್ಲಿ ಮತ್ತೊಮ್ಮೆ,” ಎಂದಳು. ಎರಡನೆಯ ಸಲವೂ ಏನೂ ಇಲ್ಲ, ಮೂರನೆಯ ಸಲವೂ ಏನೂ ಇಲ್ಲ. “ಏನೂ ಕೇಳಸವಲ್ದು ದಾನಿ,” ಎಂದವಳು ಅಳುತ್ತಿದ್ದಳು. “ಮೂವತ್ತು ವರ್ಷ ಕೇಳಸತೈತಿ ಅನಕೊಂಡಿದ್ನೆಲ್ಲ ಬೇ.”

ಹಳದಿ ಇಪ್ಪತ್ತನಾಲ್ಕು.

ಪರದೆಯ ಮೇಲೆ ಕಿವಿಯವ್ವನ ನಗು ಹೋಯಿತು. ಶೆಡ್ಡಿನ ಸದ್ದು ಮಿತಿ ಮೀರಿದೆ ಎಂಬ ಅಕ್ಷರ ಬಂತು. ಪೂರ್ತಿ ವೇಗದಲ್ಲಿ ಓಡುತ್ತಿದ್ದ ಮಗ್ಗಗಳೂ ಏದುಸಿರು ಬಿಟ್ಟು ಅರ್ಧ ವೇಗಕ್ಕೆ ಇಳಿದವು. ಅಧಿಕಾರಿ ಪರವಾನಗಿಯ ಕಾಗದವನ್ನು ಮಡಿಚಿ ಚೀಲಕ್ಕೆ ಹಾಕಿಕೊಂಡರು.

ಸಾವುಕಾರರು ಕೆಂಡವಾಗಿ ಶೆಡ್ಡಿನ ಒಳಗೆ ನುಗ್ಗಿದರು. ಬಾಯಿ ಜೋರಾಗಿ ಆಡುತ್ತಿತ್ತು. ಏನು ಹೇಳುತ್ತಿದ್ದಾರೆಂದು ತುಟಿಯಿಂದ ಚೆನ್ನಾಗಿಯೇ ತಿಳಿಯುತ್ತಿತ್ತು. ಅದನ್ನು ಇಲ್ಲಿ ಬರೆಯುವ ಹಾಗಿಲ್ಲ. ನಾನು ಅವರಿಗೆ ಬೆನ್ನು ತಿರುಗಿಸಿದೆ. ನನ್ನ ಪಕ್ಕದಲ್ಲಿ ಬಾಳವ್ವ, ಅವಳ ಪಕ್ಕದಲ್ಲಿ ಮಾಳವ್ವ ತಿರುಗಿದರು. ಹಳದಿಯವರೆಲ್ಲ ತಿರುಗಿದರು. ಹಸಿರಾದವರೂ ಒಬ್ಬೊಬ್ಬರಾಗಿ ತಿರುಗಿದರು. ಸಾವುಕಾರರು ಓಡಿ ಈ ಕಡೆ ಬಂದರು. ನಾವು ಆ ಕಡೆ ತಿರುಗಿದೆವು. ಅವರು ಮತ್ತೆ ಆ ಕಡೆಗೆ ಓಡಿದರು.

“ಕೇಳಸವಲ್ದ್ರೀ ಸಾವ್ಕಾರ್ರ!” ಎಂದು ಮಾಳವ್ವ ತಗಡಿನ ಸೂರು ನೋಡಿಕೊಂಡು ಕೂಗಿದಳು. “ನಿಮ್ಮ ಮಾತು ಕೇಳಸಬೇಕಂದ್ರ ಮಗ್ಗ ನಿಲ್ಲಸ್ರಿ!”

ಎಷ್ಟು ಹೊತ್ತು ಹೀಗೆ ನಡೆಯಿತೋ ಗೊತ್ತಿಲ್ಲ. ಕೊನೆಗೆ ಅವರು ಗೋಡೆಯ ಬಳಿ ಹೋಗಿ ದೊಡ್ಡ ಸ್ವಿಚ್ಚನ್ನು ಕೆಳಗೆ ಎಳೆದರು. ವಿರಾಮದ ಹೊತ್ತು ಬಿಟ್ಟರೆ, ದುಡಿಯುವ ದಿನದಲ್ಲಿ ಆ ಶೆಡ್ಡು ನಿಂತದ್ದನ್ನು ನಾನು ಅದೇ ಮೊದಲು ಕಂಡದ್ದು. ಲಾಳಿಗಳು ಅಲ್ಲಲ್ಲೇ ನಿಂತವು. ನನ್ನ ಕಿವಿಯೊಳಗಿನ ಮಗ್ಗ ಮಾತ್ರ ಓಡುತ್ತಲೇ ಇತ್ತು. ಅದು ಇನ್ನು ನನ್ನ ಜೊತೆಗೇ ಬರುವುದು.

ನಮ್ಮ ಹಿಂದೆ ಸಾವುಕಾರರು ಏನೋ ಹೇಳಿದರು. ಮೆತ್ತಗೆ ಹೇಳಿರಬೇಕು, ನನಗೆ ಒಂದಕ್ಷರವೂ ತಿಳಿಯಲಿಲ್ಲ. ಪಕ್ಕದಲ್ಲಿ ಬಾಳವ್ವ ಕಣ್ಣು ಮುಚ್ಚಿ ನಿಂತಿದ್ದಳು. ಕಣ್ಣು ತೆರೆದು ನನ್ನ ಕಡೆ ನೋಡಿದಳು.

“ಯವ್ವಾ, ‘ಏನ ಬೇಕ್ರವಾ ನಿಮಗ’ ಅಂತ ಕೇಳಾಕತ್ತಾರ,” ಎಂದಳು.

ನಾನು ಅವಳ ಗದ್ದ ಹಿಡಿದೆ. “ತಿರಗಿ ನೋಡಿದೇನು? ತುಟಿ ನೋಡಿದೇನು?”

“ಇಲ್ಲ ಬೇ. ಕೇಳಿಸ್ತ.”

ಅವಳ ಕೈಯಲ್ಲಿದ್ದ ಕಿವಿ ಮುಚ್ಚಳವನ್ನು ತೆಗೆದುಕೊಂಡು ಅವಳ ಕೊರಳಿಗೆ ಹಾಕಿದೆ. ಅವಳು ಸಾವುಕಾರರ ಕಡೆ ತಿರುಗಲು ಹೋದಳು. ನಾನು ಭುಜ ಹಿಡಿದು ನಿಲ್ಲಿಸಿದೆ.

“ತಿರಗಬ್ಯಾಡ,” ಎಂದೆ. “ಇಪ್ಪತ್ತೆರಡು ವರ್ಷ ನಾವ ಕೇಳೇವಿ. ಇನ್ನ ಅಂವ ಕೇಳ್ಲಿ.”